ಮಿಕ್ಕ ಆಹಾರವನ್ನು ಹುದುಗಿಸಿ ರಾಸುಗಳಿಗೆ ಹಾಕುವ ವಿಚಾರ

ಕಲಗಚ್ಚಿನ ಬಾನಿಯನ್ನು ಅರಿಯದ ಒಕ್ಕಲು ಮನೆ ನಮ್ಮ ನಾಡಿನಲ್ಲಿ ಇಲ್ಲವೆಂದರೆ ಸಲ್ಲುತ್ತದೆ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿಯ ಸಿಪ್ಪೆ, ಮಿಕ್ಕ ಮುದ್ದೆಯ ಚೂರು, ಇವೆಲ್ಲವನ್ನೂ ಬಾನಿಯಲ್ಲಿ ಕೂಡಿಟ್ಟು, ಒಂದಿಷ್ಟು ತೌಡನ್ನು ಬೆರಸಿ, ಸಂಜೆ ಕರೆಯುವ ಹಸುವಿಗೆ ಇಡುವುದು ಹಿಂದಿನಿಂದಲೂ ಬಂದಿರುವ ಪದ್ಧತಿ. ಮನುಷ್ಯನು ತಿನ್ನಲಾರದ್ದನ್ನು ಪಶುವು ತಿಂದು ಹಾಲನ್ನೂ ಗೊಬ್ಬರವನ್ನೂ ಕೊಡುವುದರಿಂದ ಈ ಪದ್ಧತಿಯು ಮಿತವ್ಯಯಕ್ಕೆ ಒಳ್ಳೆಯ ಉದಾಹರಣೆಯಾಗಿದೆ.

ಈಗ ಮಿಕ್ಕುವ ಆಹಾರದ ಪ್ರಮಾಣವು ಬಾನಿಯನ್ನು ಮೀರಿದೆ. ಕಲ್ಯಾಣಮಂಟಪಗಳು, ವಿದ್ಯಾರ್ಥಿನಿಲಯಗಳು, ಹೋಟೆಲುಗಳು ಮತ್ತು ಹಣ್ಣು ತರಕಾರಿಯ ಮಂಡಿಗಳಿಂದ ಗಾಡಿಗಟ್ಟಲೆ ಪದಾರ್ಥವು ಪ್ರತಿದಿನವೂ ಹೊರಬೀಳುತ್ತದೆ. ಇದನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ಪಶುಗಳಿಗೆ ಆಹಾರವನ್ನಾಗಿ ಮಾಡಬಹುದೆಂಬ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಹೆಪ್ಪಿನ ಸೀಸೆಗಳನ್ನು ಮಾರುವವರೂ ಹಳ್ಳಿಗಳಿಗೆ ಬರುತ್ತಿದ್ದಾರೆ. ಈ ಕಾರ್ಯವು ಸಾಧ್ಯವೇ ಎಂದು ಕೇಳಿದರೆ ಸಾಧ್ಯವೆಂದೇ ಉತ್ತರ. ಆದರೆ ಅದು ಎಷ್ಟು ಮಟ್ಟಿಗೆ ಕ್ಷೇಮ, ಯಾವ ಪಶುವಿಗೆ ಕ್ಷೇಮ, ಎಲ್ಲಿ ಅಪಾಯ ಎಂಬುದನ್ನು ತಿಳಿಯದೆ ಕೈಹಾಕಿದರೆ ನಷ್ಟಕ್ಕೆ ಗುರಿಯಾಗಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಸರ್ಕೀಟಿನಲ್ಲಿದ್ದಾಗ ಒಂದು ಗ್ರಾಮದಲ್ಲಿ ನಾನು ಕಣ್ಣಾರೆ ಕಂಡ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಹಿಂದಿನ ದಿನ ಅಲ್ಲಿ ಮದುವೆಯಾಗಿತ್ತು. ಮಿಕ್ಕ ಅನ್ನವನ್ನು ಮನೆಯ ಯಜಮಾನರು ಮಜ್ಜಿಗೆ ಬೆರಸಿ ಗುಡಾಣದಲ್ಲಿಟ್ಟು, ಹುಳಿ ಬಂದಿದೆಯೆಂದು ನೋಡಿಕೊಂಡು, ಮಾರನೆಯ ಸಂಜೆ ಮೂರು ಹಸುಗಳ ಮುಂದೆ ಧಾರಾಳವಾಗಿ ಇಟ್ಟರು. ಬೆಳಗಾಗುವ ವೇಳೆಗೆ ಎರಡು ಹಸುಗಳು ನೆಲ ಹಿಡಿದಿದ್ದವು. ಪಶುವೈದ್ಯರು ಬರುವುದರೊಳಗೆ ಒಂದು ಸತ್ತಿತು. ಎರಡನೆಯದು ಅದರ ಮಾರನೆಯ ದಿನ ಸತ್ತಿತು. ಯಜಮಾನರು ನನ್ನನ್ನು ನೋಡಿ, “ಅನ್ನ ತಿಂದು ಯಾರಾದರೂ ಸಾಯುತ್ತಾರೆಯೇ, ಸ್ವಾಮಿ? ನಾನು ಹಳಸಿದ್ದನ್ನು ಹಾಕಲಿಲ್ಲ, ಹುದುಗಿಸಿಯೇ ಹಾಕಿದೆ” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹುದುಗಿಸಿದ್ದರಿಂದ ಎಲ್ಲವೂ ಸರಿಹೋಯಿತೆಂಬ ನಂಬಿಕೆಯೊಂದೇ ತಪ್ಪು. ಅವರ ಪ್ರಶ್ನೆಗೆ ಅಂದು ಅವಸರದಲ್ಲಿ ಕೊಟ್ಟ ಉತ್ತರವನ್ನು ಈ ಲೇಖನದಲ್ಲಿ ವಿಸ್ತಾರವಾಗಿ ಬರೆದಿದೆ.

೧. ಹುಳಿಯುವುದು ಮತ್ತು ಹಳಸುವುದು

ಹುಳಿಯುವುದು ಬೇರೆ, ಹಳಸುವುದು ಬೇರೆ ಎಂಬುದನ್ನು ನಮ್ಮ ಹೆಂಗಸರು ಚೆನ್ನಾಗಿ ಬಲ್ಲರು. ದೋಸೆಯ ಹಿಟ್ಟು ಹುಳಿಯುತ್ತದೆ; ಸಾರು ಹಳಸುತ್ತದೆ. ಎರಡೂ ಸೂಕ್ಷ್ಮಜೀವಿಗಳ ಕೆಲಸವೇ ಸರಿ, ಆದರೆ ಕೆಲಸ ಮಾಡುವ ಜೀವಿಗಳು ಬೇರೆ. ಹಾಲನ್ನು ಮೊಸರು ಮಾಡುವ ಜೀವಿಗಳೂ ಅವುಗಳ ಬಳಗದವೂ ಪದಾರ್ಥದಲ್ಲಿರುವ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವೆಂಬ ಹುಳಿಯನ್ನು ಬಿಡುತ್ತವೆ. ಗಾಳಿಯಿಲ್ಲದ ಕಡೆಯಲ್ಲಿ ಇವು ಚೆನ್ನಾಗಿ ಬೆಳೆಯುತ್ತವೆ. ಹುಳಿಯು ಏರಿದಂತೆಲ್ಲ ಕೊಳೆಸುವ ಜೀವಿಗಳು ಸೊರಗುತ್ತವೆ. ಹಸುರು ಮೇವನ್ನು ಗುಂಡಿಯಲ್ಲಿ ತುಳಿದು ಮುಚ್ಚಿ ಸೈಲೇಜು ಮಾಡುವುದೂ ಇದೇ ತತ್ತ್ವದಿಂದ.

ಹುಳಿಯನ್ನು ಅಳೆಯುವುದಕ್ಕೆ ಪಿ.ಎಚ್. ಎಂಬ ಮಾಪನವಿದೆ. ಶುದ್ಧವಾದ ನೀರಿಗೆ ಅದು 7. ಅಂಕವು ಇಳಿದಷ್ಟೂ ಹುಳಿ ಹೆಚ್ಚು. ಒಂದೊಂದು ಅಂಕ ಇಳಿದಾಗಲೂ ಹುಳಿಯ ಬಲವು ಹತ್ತರಷ್ಟಾಗುತ್ತದೆ. ಬಣ್ಣ ತೋರಿಸುವ ಕಾಗದದ ಚೂರುಗಳು ಸ್ವಲ್ಪ ಬೆಲೆಗೆ ದೊರೆಯುವುದರಿಂದ ಇದನ್ನು ರೈತನು ತಾನೇ ಅಳೆಯಬಹುದು.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಕಾರ್ಖಾನೆಗಳು ಬಿಸಾಡುವ ಅನಾನಸಿನ ಎಲೆಯ ಜುಟ್ಟನ್ನೂ ಸಿಪ್ಪೆಯನ್ನೂ ನಾಲ್ಕಕ್ಕೆ ಒಂದರಂತೆ ಬೆರಸಿ, ಗಾಳಿಯಾಡದಂತೆ ಅದುಮಿಟ್ಟು ಪರೀಕ್ಷಿಸಿದರು. 20 ದಿನಗಳಲ್ಲಿ ಅದು 4.2ರಿಂದ 4.3ರ ಹುಳಿಗೆ ಬಂದು ಒಳ್ಳೆಯ ಮೇವಾಯಿತು. ಎರಡು ದಿನವಿಟ್ಟರೆ ಕೊಳೆತು ನಾರುವ ಪದಾರ್ಥವು ಹೀಗೆ ಹಸುರು ಮೇವಿನ ಸ್ಥಾನವನ್ನು ಪಡೆದದ್ದು ಗಮನಾರ್ಹವಾದುದು.

೨. ಹುಳಿಯಿಂದ ಆಗುವ ರಕ್ಷಣೆ

ಪದಾರ್ಥವು 4.2ಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದು ಅಲ್ಲಿಯೇ ನಿಂತರೆ, ಭೇದಿಯನ್ನು ಹುಟ್ಟಿಸುವ ಸಾಲ್ಮೊನೆಲ್ಲ ಮೊದಲಾದ ಕ್ರಿಮಿಗಳು ಕ್ರಮೇಣ ಸಾಯುತ್ತವೆ. ಇದು ಒಂದು ರಾತ್ರಿಯ ಕೆಲಸವಲ್ಲ. ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ತಡ. ಪಶುಗಳ ಕೈಕಾಲುಗಳನ್ನು ಸೋಲಿಸಿ ಕೊಲ್ಲುವ ಬೊಟುಲಿಸಮ್ ವಿಷದ ಕ್ರಿಮಿಯು 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಬೆಳೆಯಲಾರದು. ಆದರೆ ಪೀಪಾಯಿಯಲ್ಲಿ ಇಲಿಯೊಂದು ಸಿಕ್ಕಿ ಸತ್ತಿದ್ದರೆ ಅದರ ಕಳೇಬರದೊಳಗೆ ಹುಳಿಯು ಹೊಗುವುದಿಲ್ಲ. ಅಲ್ಲಿ ಈ ವಿಷವು ಹುಟ್ಟಿ ಸುತ್ತಲಿನ ಮೇವಿಗೆ ಇಳಿಯಬಹುದು. ಅಂಥ ಪೀಪಾಯಿಯಲ್ಲಿ ಇಲಿಯನ್ನು ತೆಗೆದು ಉಳಿದುದನ್ನು ಹಾಕುವುದು ಸಲ್ಲದು, ಪೂರ್ತಿಯಾಗಿ ಬಿಸಾಡತಕ್ಕದ್ದು.

ಮುಖ್ಯವಾಗಿ ನೆನಪಿಡಬೇಕಾದ ಮಾತೆಂದರೆ, ಹುಳಿಯು ಕಾಯುತ್ತದೆ, ತೊಳೆಯುವುದಿಲ್ಲ. ಒಳ್ಳೆಯ ಪದಾರ್ಥವನ್ನು ಕೆಡದಂತೆ ಅದು ಕಾಯುತ್ತದೆ. ಮೊದಲೇ ಕೆಟ್ಟಿರುವುದನ್ನು ಒಳ್ಳೆಯದನ್ನಾಗಿ ಮಾಡುವ ಶಕ್ತಿ ಅದಕ್ಕಿಲ್ಲ. ಕೊಳೆತ ಮಾವಿನಿಂದ ಯಾರೂ ಉಪ್ಪಿನಕಾಯಿ ಹಾಕುವುದಿಲ್ಲವಷ್ಟೆ.

೩. ಹುಳಿಯಿಂದ ಹೋಗದ ದೋಷಗಳು

ಬೂಷ್ಟು.— 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು. ವಿಚಾರಿಸಲಾಗಿ ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಟ್ಟಿದ್ದುದು ಹೊರಪಟ್ಟಿತು. ಈ ವಿಷವು ಕುದಿಸಿದರೂ ಹೋಗುವುದಿಲ್ಲ. ಹುಳಿಸಿದರೂ ಹೋಗುತ್ತದೆಂದು ನಂಬುವಂತಿಲ್ಲ. ಬೂಷ್ಟು ಹಿಡಿದ ಭಾಗವನ್ನು ಕಿತ್ತು ಉಳಿದುದನ್ನು ಹಾಕಿದರೂ ವಿಷವು ಒಳಗೆ ಇಳಿದಿರಬಹುದು. ಹಸುವು ಇಂಥ ಮೇವನ್ನು ತಿಂದರೆ ಒಂದೇ ದಿನದಲ್ಲಿ ವಿಷದ ಒಂದು ಅಂಶವು ರೂಪಾಂತರ ಹೊಂದಿ ಹಾಲಿಗೆ ಬರುತ್ತದೆ. ಒಂದು ಕಿಲೋಗ್ರಾಮ್ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಮನ್ನು ಮೀರಕೂಡದೆಂದು ನಮ್ಮ ದೇಶದ ಆಹಾರ ನಿಯಮವಿದೆ. ಆ ಹಾಲನ್ನು ಕುಡಿಯುವವರು ನಮ್ಮ ಮಕ್ಕಳೇ ಎಂಬುದನ್ನು ಮರೆಯಬಾರದು. ಆದಕಾರಣ ಬೂಷ್ಟು ಹಿಡಿದ ರೊಟ್ಟಿ, ಬ್ರೆಡ್ಡು, ಹಿಂಡಿ, ಜೋಳಗಳನ್ನು ಯಾವ ಹೆಪ್ಪಿನ ಬಲವನ್ನು ನಂಬಿಯೂ ಪೀಪಾಯಿಗೆ ಹಾಕಬಾರದು.

ಮಾಂಸದ ಅಂಶ.— 1986ರಲ್ಲಿ ಬ್ರಿಟನ್ನಿನ ದನಗಳಲ್ಲಿ ಹುಚ್ಚು ಹಿಡಿದಂತೆ ತತ್ತರಿಸಿ ಸಾಯುವ ಹೊಸ ರೋಗವೊಂದನ್ನು ಗುರುತಿಸಿದರು. ದನಗಳ ಮೇವಿಗೆ ದನಕುರಿಗಳ ಮಾಂಸಮೂಳೆಯ ಪುಡಿಯನ್ನು ಬೆರಸಿದ್ದೇ ಅದು ಹರಡಲು ಕಾರಣವೆಂದು ತಿಳಿದುಬಂದು, 1988ರಲ್ಲಿ ಅದನ್ನು ನಿಷೇಧಿಸಿದರು. ಈ ರೋಗದ ಬೀಜವು ಸಾಮಾನ್ಯವಾದ ಅಡಿಗೆಯ ಬೆಂಕಿಗೆ ಸಾಯುವುದಿಲ್ಲ. ಹುಳಿಗಂತೂ ಜಗ್ಗುವುದೇ ಇಲ್ಲ. ಹುಲ್ಲು ತಿನ್ನಲು ಹುಟ್ಟಿದ ಪ್ರಾಣಿಗೆ ಮಾಂಸದ ಅಂಶವನ್ನು ತಿನ್ನಿಸಿದುದರ ಫಲವಾಗಿ ಆ ದೇಶವು ಬಹುಕಾಲ ಕಷ್ಟಪಟ್ಟಿತು. ಪುನಃ 2001ರಲ್ಲಿ ಅದೇ ದೇಶದಲ್ಲಿ ಕಾಲುಬಾಯಿ ರೋಗವು ಎದ್ದಿತು. ನಾರ್ಥಂಬರ್ಲೆಂಡ್ ಪ್ರಾಂತದಲ್ಲಿ ಹಂದಿಗಳಿಗೆ ಸರಿಯಾಗಿ ಬೇಯಿಸದ ಎಂಜಲನ್ನು ಹಾಕಿದ್ದರಿಂದ ಅದು ಆರಂಭವಾಗಿರಬೇಕೆಂದು ವಿಚಾರಣೆಯಿಂದ ಗೊತ್ತಾಯಿತು. ರೋಗವನ್ನು ನಿಲ್ಲಿಸುವುದಕ್ಕಾಗಿ 60 ಲಕ್ಷಕ್ಕೂ ಮೇಲ್ಪಟ್ಟು ಪಶುಗಳನ್ನು ಕೊಲ್ಲಬೇಕಾಯಿತು. ಹಂದಿಗಳಿಗೆ ಎಂಜಲು ಹಾಕುವುದನ್ನು ಆ ವರ್ಷವೇ ಅಲ್ಲಿ ನಿಷೇಧಿಸಿದರು. ಕಾಲುಬಾಯಿ ರೋಗದ ವಿಷಾಣುವು ಹುಳಿಗೆ ಅಂಜುವಂಥದೇ ಹೌದು. ಆದರೆ ಮೂಳೆಯೊಳಗಿನ ಮಜ್ಜೆಯಲ್ಲಿ ಅಡಗಿದ್ದರೆ ಹುಳಿಯು ಅದನ್ನು ಮುಟ್ಟಲಾರದು. 2020ರಲ್ಲಿ ಅಸ್ಸಾಮಿಗೂ ಅರುಣಾಚಲಕ್ಕೂ ಬಂದ ಆಫ್ರಿಕದ ಹಂದಿಜ್ವರದ ವಿಷಾಣುವಾದರೋ 4ರ ಸಮೀಪದ ಹುಳಿಯನ್ನೂ ತಡೆದುಕೊಳ್ಳುತ್ತದೆ.

ಉಪ್ಪು ಮತ್ತು ಈರುಳ್ಳಿ.— ಸಾರು, ಹುಳಿ, ಉಪ್ಪಿನಕಾಯಿಗಳಲ್ಲಿರುವ ಉಪ್ಪು ಎಷ್ಟು ದಿನ ಹುದುಗಿದರೂ ಒಂದು ಕಾಳಿನಷ್ಟೂ ಕಡಿಮೆಯಾಗದು. ನೀರು ಸಾಕಷ್ಟು ಸಿಗದ ಹಂದಿಗಳೂ ಕೋಳಿಗಳೂ ಇದರಿಂದ ಬೇಗ ಸಾಯುತ್ತವೆ. ಈರುಳ್ಳಿಯನ್ನು ಹೆಚ್ಚಾಗಿ ತಿಂದ ದನಗಳಲ್ಲಿ ರಕ್ತದ ಕಣಗಳು ಒಡೆದು, ಮೂತ್ರವು ಕೆಂಪಾಗಿ, ರಾಸು ಬಿಳಿಚಿಕೊಳ್ಳುತ್ತದೆ. ಹೋಟೆಲಿನ ಕಸದಲ್ಲಿ ಈರುಳ್ಳಿಯೇ ಬಹಳವಾಗಿರುವುದರಿಂದ ಎಚ್ಚರ ಅಗತ್ಯ.

ಕಡ್ಡಿ, ಮೊಳೆ, ಪ್ಲಾಸ್ಟಿಕ್ಕು.— ದನವು ಮೇವನ್ನು ಅಗಿಯದೆ ನುಂಗಿ ಆಮೇಲೆ ಮೆಲುಕುಹಾಕುವುದರಿಂದ ಎಲೆಯೊಳಗಿನ ತಂತಿಯ ಚೂರು ಸಹ ಒಳಕ್ಕೆ ಹೋಗುತ್ತದೆ. ಅದು ಎರಡನೆಯ ಹೊಟ್ಟೆಯಲ್ಲಿ ನಿಂತು ಮುಂದಕ್ಕೆ ಚುಚ್ಚಿ ಹೃದಯವನ್ನು ಮುಟ್ಟಿದ ಪ್ರಕರಣಗಳು ಪಶುವೈದ್ಯರಿಗೆ ಹೊಸವಲ್ಲ. ಪ್ಲಾಸ್ಟಿಕ್ ಚೀಲವು ಹೊಟ್ಟೆಯಲ್ಲಿ ಉಂಡೆಗಟ್ಟಿ ರಾಸು ಮೆಲ್ಲಮೆಲ್ಲನೆ ಸೊರಗುತ್ತದೆ. ಇವಕ್ಕೆ ಕೈಯಿಂದ ಆರಿಸುವುದೊಂದೇ ಉಪಾಯ.

೪. ಅನ್ನವು ದನವನ್ನು ಕೊಲ್ಲುವ ಬಗೆ

ಇನ್ನು ಆ ಯಜಮಾನರ ಪ್ರಶ್ನೆಗೆ ಬರೋಣ. ದನದ ಮೊದಲನೆಯ ಹೊಟ್ಟೆಯು ಸ್ವತಃ ಒಂದು ದೊಡ್ಡ ಹುದುಗಿನ ಗುಡಾಣ. ಅದರೊಳಗಿನ ಅಸಂಖ್ಯಾತ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕರಗಿಸಿ ರಾಸನ್ನು ಸಾಕುತ್ತವೆ. ಆ ಜೀವಿಗಳಿಗೆ ಹಿತವಾದ ಪಿ.ಎಚ್. ಸುಮಾರು 6ರಿಂದ 7. ಬೆಂದ ಅನ್ನ, ಪಾಯಸ, ಹಿಟ್ಟು, ಇವುಗಳ ಪಿಷ್ಟವು ಅಲ್ಲಿ ಬಹು ಬೇಗ ಕರಗುತ್ತದೆ. ರೂಢಿಯಿಲ್ಲದ ದನವು ಇವನ್ನು ಒಮ್ಮೆಗೆ ಬಹಳವಾಗಿ ತಿಂದರೆ ಲ್ಯಾಕ್ಟಿಕ್ ಆಮ್ಲವನ್ನು ಬಿಡುವ ಜೀವಿಗಳು ಕೆಲವೇ ಗಂಟೆಗಳಲ್ಲಿ ಮಿತಿಮೀರಿ ಹೆಚ್ಚುತ್ತವೆ. ಹೊಟ್ಟೆಯ ಹುಳಿಯು 5ಕ್ಕಿಂತ ಕೆಳಕ್ಕೆ ಇಳಿಯುತ್ತದೆ. ನಾರು ಕರಗಿಸುವ ಜೀವಿಗಳು ಸಾಯುತ್ತವೆ. ದೇಹದ ನೀರು ಹೊಟ್ಟೆಗೆ ಸೆಳೆಯಲ್ಪಡುತ್ತದೆ. ಆಮ್ಲವು ರಕ್ತಕ್ಕೆ ಹತ್ತುತ್ತದೆ. ರಾಸು ತೂರಾಡಿ ನೆಲ ಹಿಡಿಯುತ್ತದೆ.

ಪೀಪಾಯಿಯಲ್ಲಿ ಮೇವನ್ನು ಕಾಯುವ ಹುಳಿಯೂ ಹಸುವಿನ ಹೊಟ್ಟೆಯಲ್ಲಿ ಪ್ರಾಣವನ್ನು ತೆಗೆಯುವ ಹುಳಿಯೂ ಒಂದೇ. ಅದು ಇರಬೇಕಾದ ಜಾಗ ಪೀಪಾಯಿ. ಅನ್ನವನ್ನು ಮಜ್ಜಿಗೆ ಬೆರಸಿ ಒಂದು ರಾತ್ರಿ ಇಟ್ಟರೆ ಅದರ ಪಿಷ್ಟವು ಬಹುಪಾಲು ಹಾಗೆಯೇ ಉಳಿದಿರುತ್ತದೆ. ಮೇಲೆ ಆಮ್ಲವೂ ಸೇರಿರುತ್ತದೆ. ಹೀಗಾಗಿ ಅಂದು ಹುದುಗಿಸಿದ್ದು ಹಸುಗಳನ್ನು ಕಾಪಾಡಲಿಲ್ಲ.

ರಾಸು ಅನ್ನವನ್ನೋ ಹಿಟ್ಟನ್ನೋ ಮಿತಿಮೀರಿ ತಿಂದದ್ದು ಗೊತ್ತಾದ ಕೂಡಲೆ, ಲಕ್ಷಣಗಳಿಗಾಗಿ ಕಾಯದೆ, ಪಶುವೈದ್ಯರಿಗೆ ಹೇಳಿಕಳುಹಿಸತಕ್ಕದ್ದು. ಉಳಿದ ಅನ್ನವನ್ನು ತೆಗೆದುಹಾಕಿ, ಒಣ ಹುಲ್ಲನ್ನು ಮಾತ್ರ ಮುಂದಿಡಬೇಕು. ನೀರನ್ನು ಹೊಟ್ಟೆ ತುಂಬ ಕುಡಿಯಲು ಬಿಡಬಾರದು. ಅಡಿಗೆ ಸೋಡವು ಹುಳಿಯನ್ನು ಮುರಿಯುತ್ತದೆಂಬುದು ನಿಜ. ಆದರೆ ಅದರ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಮಲಗಿದ ರಾಸಿನ ಬಾಯಿಗೆ ಗೊಟ್ಟದಿಂದ ಹೊಯ್ದರೆ ಔಷಧವು ಶ್ವಾಸಕೋಶಕ್ಕೆ ಇಳಿದು ಅದೇ ಮೃತ್ಯುವಾಗಬಹುದು.

೫. ದನಗಳಿಗಾಗಿ ಹುದುಗು ಮೇವನ್ನು ಮಾಡುವ ಕ್ರಮ

ದನ, ಎಮ್ಮೆ, ಕುರಿ, ಆಡುಗಳಿಗೆ ಹಣ್ಣು ತರಕಾರಿಗಳ ಸಿಪ್ಪೆ, ದಂಟು, ಸೊಪ್ಪುಗಳೇ ಯೋಗ್ಯವಾದವು. ಊಟದ ಎಲೆಯಿಂದ ಬಂದ ಎಂಜಲನ್ನು ಇದರಲ್ಲಿ ಸೇರಿಸಬಾರದು.

(ಅ) ಆ ದಿನದ ಪದಾರ್ಥವನ್ನು ಆ ದಿನವೇ ಆರಿಸಿ, ಕೊಳೆತದ್ದನ್ನೂ ಬೂಷ್ಟು ಹಿಡಿದದ್ದನ್ನೂ ಈರುಳ್ಳಿಯನ್ನೂ ತೆಗೆದು, ಒಂದು ಅಂಗುಲದಷ್ಟು ಚೂರುಗಳಾಗಿ ಕೊಚ್ಚಬೇಕು.

(ಆ) ಇಂಥ 70 ಕಿಲೋ ಪದಾರ್ಥಕ್ಕೆ ಸಣ್ಣಗೆ ಕತ್ತರಿಸಿದ ಒಣ ಹುಲ್ಲು ಮತ್ತು ತೌಡು ಸೇರಿ 30 ಕಿಲೋ ಬೆರಸಬೇಕು. ಒಂದು ಹಿಡಿಯನ್ನು ಹಿಂಡಿದರೆ ಉಂಡೆಯಾಗಬೇಕು, ಬೆರಳುಗಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಹುಲ್ಲು ಸಾಲದು.

(ಇ) ಒಂದು ಅಥವಾ ಎರಡು ಕಿಲೋ ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಎರಡು ಲೀಟರು ಹುಳಿ ಮಜ್ಜಿಗೆಯೊಡನೆ ಚಿಮುಕಿಸಿ ಚೆನ್ನಾಗಿ ಕಲಸಬೇಕು. ಬೆಲ್ಲವು ಜೀವಿಗಳಿಗೆ ಆಹಾರ, ಮಜ್ಜಿಗೆಯು ಹೆಪ್ಪು.

(ಈ) ಶುಚಿಯಾದ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಗೇಣುದ್ದದ ಪದರಗಳಾಗಿ ತುಂಬಿ, ಒಂದೊಂದು ಪದರವನ್ನೂ ಬಲವಾಗಿ ಅದುಮಿ, ಗಾಳಿಯಾಡದಂತೆ ಮುಚ್ಚಬೇಕು. ತಗಡಿನ, ತಾಮ್ರದ ಪಾತ್ರೆಗಳನ್ನು ಹುಳಿಯು ತಿನ್ನುವುದರಿಂದ ಅವು ಕೂಡದು. ಮದ್ದು ಅಥವಾ ಕ್ರಿಮಿನಾಶಕವನ್ನು ತುಂಬಿದ್ದ ಪೀಪಾಯಿಯನ್ನು ಎಷ್ಟು ತೊಳೆದರೂ ಉಪಯೋಗಿಸಬಾರದು.

(ಉ) ನೆರಳಿನಲ್ಲಿ ಮೂರು ವಾರ ತೆರೆಯದೆ ಇಡಬೇಕು. ತೆರೆದಾಗ ಹಣ್ಣಿನಂತೆ, ಮೊಸರಿನಂತೆ ಹುಳಿಯ ವಾಸನೆ ಬರಬೇಕು. ಬಣ್ಣವು ಹಳದಿಯೊಡಗೂಡಿದ ಹಸುರಾಗಿರಬೇಕು. ಕಾಗದದ ಪರೀಕ್ಷೆಯಲ್ಲಿ 4.2ನ್ನು ಮೀರಬಾರದು. ನಾತ, ಜಾರುವಿಕೆ, ಬೂಷ್ಟು ಇವುಗಳಲ್ಲಿ ಯಾವುದೊಂದು ಕಂಡರೂ ಆ ಪೀಪಾಯಿಯು ಗೊಬ್ಬರದ ಗುಂಡಿಗೆ ಸಲ್ಲತಕ್ಕದ್ದು.

(ಊ) ಹೊಸದಾಗಿ ರೂಢಿ ಮಾಡುವಾಗ ಮೊದಲು ಹುಲ್ಲನ್ನು ಹಾಕಿ, ಆಮೇಲೆ ರಾಸೊಂದಕ್ಕೆ ಅರ್ಧ ಕಿಲೋವಿನಷ್ಟು ಮಾತ್ರ ಕೊಟ್ಟು, ಎರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಇದು ಮೇವಿನ ಒಂದು ಭಾಗವೇ ಹೊರತು ಹುಲ್ಲಿಗೆ ಬದಲಲ್ಲ. ತೆರೆದ ಪೀಪಾಯಿಯಿಂದ ದಿನವೂ ಮೇಲಿನ ಪದರವನ್ನು ತೆಗೆದು ಕೂಡಲೆ ಮುಚ್ಚಬೇಕು. ಹಾಲು ಕರೆದ ಮೇಲೆ ಹಾಕಿದರೆ ಹಾಲಿಗೆ ವಾಸನೆ ಹತ್ತದು.

೬. ಹಂದಿ ಸಾಕುವವರಿಗೆ ಸೂಚನೆ

ಬೆಂದ ಆಹಾರದ ಮಿಕ್ಕುದನ್ನು ಜೀರ್ಣಿಸಿಕೊಳ್ಳುವುದಕ್ಕೆ ಹಂದಿಯು ದನಕ್ಕಿಂತ ಯೋಗ್ಯವಾದ ಪ್ರಾಣಿ. ಜಪಾನಿನಲ್ಲಿ 2001ರಿಂದ ಜಾರಿಗೆ ಬಂದ ಆಹಾರ ಪುನರುಪಯೋಗದ ಕಾನೂನಿನ ಆಸರೆಯಲ್ಲಿ ಈ ಉದ್ಯಮವು ಬೆಳೆದಿದೆ. ಟೋಕಿಯೋ ನಗರಕ್ಕೆ ಸಮೀಪವಾದ ಸಗಾಮಿಹಾರದಲ್ಲಿ ಕಾರ್ಖಾನೆ ಮತ್ತು ಅಂಗಡಿಗಳಿಂದ ಮಿಕ್ಕ ಆಹಾರವನ್ನು ತಂದು, ಆರಿಸಿ, ಅರೆದು, ಕಾಯಿಸಿ, ಆಮೇಲೆ ಲ್ಯಾಕ್ಟಿಕ್ ಜೀವಿಗಳಿಂದ ಹುದುಗಿಸಿ ಗಂಜಿಯಂಥ ದ್ರವವನ್ನು ಮಾಡಿ ಹಂದಿಗಳಿಗೆ ಒದಗಿಸುತ್ತಾರೆ. ಮೊದಲು ಬೆಂಕಿ, ಆಮೇಲೆ ಹೆಪ್ಪು ಎಂಬ ಈ ಕ್ರಮವೇ ಅದರ ಜೀವಾಳ. ಬೆಂಕಿಯು ರೋಗದ ಬೀಜವನ್ನು ಕೊಲ್ಲುತ್ತದೆ. ಹುಳಿಯು ಪುನಃ ಕೆಡದಂತೆ ಕಾಯುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಎಂಜಲನ್ನು ಎಡೆಬಿಡದೆ ಕಲಕುತ್ತ 90 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 60 ನಿಮಿಷ ಕಾಯಿಸಬೇಕೆಂಬುದು ಆಫ್ರಿಕದ ಹಂದಿಜ್ವರದ ನಿವಾರಣೆಗೆ ಪ್ರಪಂಚ ಪಶು ಆರೋಗ್ಯ ಸಂಸ್ಥೆಯು ಒಪ್ಪಿರುವ ನಿಯಮ. ನಮ್ಮಲ್ಲಿ ಹಂಡೆಯಲ್ಲಿ ಒಂದು ಗಂಟೆ ಕೊತಕೊತನೆ ಕುದಿಸಿ ಕಲಕಿದರೆ ಈ ಶಾಖವು ಒದಗುತ್ತದೆ. ಬೆರಳಿಟ್ಟರೆ ಸುಡದಷ್ಟು ಆರಿದ ಮೇಲೆ ಹೆಪ್ಪು ಹಾಕಬೇಕು. ಬಿಸಿಯಲ್ಲಿ ಹಾಕಿದರೆ ಹೆಪ್ಪಿನ ಜೀವಿಗಳೇ ಸಾಯುತ್ತವೆ. ಹಸಿ ಎಂಜಲನ್ನು ಮುಟ್ಟಿದ ಬಕೆಟ್ಟು, ಸೌಟುಗಳನ್ನು ಬೆಂದದ್ದಕ್ಕೆ ಇಳಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಹಂದಿಯ ಮಾಂಸವು ಸೇರಿರುವ ಎಂಜಲನ್ನು ಮಾತ್ರ ಕುದಿಸಿಯೂ ಹಂದಿಗೆ ಹಾಕದಿರುವುದೇ ಲೇಸು. ಹಾಗೆಯೇ, ಬೆಚ್ಚಗೆ ಬಹಳ ಹೊತ್ತು ಬಿದ್ದಿದ್ದ ಅನ್ನದಲ್ಲಿ ಕುದಿಗೂ ಜಗ್ಗದ ವಿಷಗಳು ಹುಟ್ಟುವುದುಂಟು. ಆದುದರಿಂದ ಹಳಸಿದ ಅನ್ನವನ್ನು ಕುದಿಸಿ ಸರಿಮಾಡುವ ಪ್ರಯತ್ನವೂ ಸಲ್ಲದು.

೭. ಗ್ರಾಮಮುಖ್ಯರು ಮಾಡಬಹುದಾದ ಕಾರ್ಯ

ಒಬ್ಬ ರೈತನ ಎಚ್ಚರದಿಂದ ಅವನ ಕೊಟ್ಟಿಗೆಯು ಉಳಿಯುತ್ತದೆ. ಮುಖಂಡರ ಎಚ್ಚರದಿಂದ ಊರಿನ ಮಂದೆಯೇ ಉಳಿಯುತ್ತದೆ. ಮದುವೆ, ಜಾತ್ರೆ, ಸಂತರ್ಪಣೆಗಳು ನಡೆಯುವಾಗ ಮೂರು ಪಾತ್ರೆಗಳನ್ನು ಇಡಿಸಬೇಕು: ಹಸಿ ತರಕಾರಿಯ ಸಿಪ್ಪೆಗೆ ಒಂದು, ಎಲೆ ಮತ್ತು ಎಂಜಲಿಗೆ ಒಂದು, ಪ್ಲಾಸ್ಟಿಕ್ಕು ಮೊದಲಾದವಕ್ಕೆ ಒಂದು. ಬೇಯಿಸುವುದಕ್ಕೆ ಮುಂಚೆ ಬರುವ ಸಿಪ್ಪೆಯು ಪಶುಗಳಿಗೆ ಸಲ್ಲುತ್ತದೆ. ಎಂಜಲೆಲೆಯ ಗುಂಡಿಗೆ ಬೇಲಿ ಹಾಕಿಸಿ, ಬಿಡಾಡಿ ದನಗಳು ಮುಟ್ಟದಂತೆ ಒಬ್ಬ ಆಳನ್ನು ಕಾವಲಿಡಬೇಕು. ಬಡಿಸದೆ ಮಿಕ್ಕ ಶುದ್ಧವಾದ ಅನ್ನವು ಮೊದಲು ಹಸಿದ ಮನುಷ್ಯರಿಗೆ ಸೇರಬೇಕು. ಹೆಪ್ಪಿನ ಸೀಸೆಯನ್ನು ಮಾರಲು ಬಂದವರು “ಇದನ್ನು ಹಾಕಿದರೆ ಯಾವ ಕಸವೂ ಮೇವಾಗುತ್ತದೆ” ಎಂದರೆ, ಬೂಷ್ಟಿನ ವಿಷವೂ ಉಪ್ಪೂ ಮಾಂಸದ ದೋಷವೂ ಅದರಿಂದ ಹೋಗುವುದೇ ಎಂದು ಎಲ್ಲರ ಎದುರಿಗೆ ಕೇಳಬೇಕು. ಒಳ್ಳೆಯ ಹೆಪ್ಪಿನಿಂದ ಹುಳಿಯು ಬೇಗ ಏರಬಹುದು. ಅದಕ್ಕಿಂತ ಹೆಚ್ಚಿನದನ್ನು ಯಾವ ಸೀಸೆಯೂ ಮಾಡಲಾರದು.

ಸಂದೇಹ ಬಂದ ಪದಾರ್ಥವನ್ನು ಬಿಸಾಡಿದರೆ ನಷ್ಟವಾಯಿತೆಂದು ಮರುಗಬೇಕಾಗಿಲ್ಲ. ಗೊಬ್ಬರದ ಗುಂಡಿಯಲ್ಲಾಗಲಿ ಗೋಬರ್ ಅನಿಲದ ತೊಟ್ಟಿಯಲ್ಲಾಗಲಿ ಅದಕ್ಕೆ ಸ್ಥಳವುಂಟು. ಮಾಂಸ ಮೂಳೆಗಳನ್ನು ಮಾತ್ರ ನಾಯಿಗಳು ಕೆದಕದಂತೆ ಆಳವಾಗಿ ಹೂಳಬೇಕು. ಪಶುವಿಗೆ ಸಲ್ಲದ್ದು ಭೂಮಿಗೆ ಸಲ್ಲುತ್ತದೆ. ಭೂಮಿಯು ಅದನ್ನು ಅರಗಿಸಿಕೊಂಡು ಬೆಳೆಯ ರೂಪದಲ್ಲಿ ಹಿಂದಕ್ಕೆ ಕೊಡುತ್ತದೆ. ಕರೆಯುವ ಹಸುವೊಂದು ಹೋದರೆ ಒಂದು ಬಡ ಸಂಸಾರದ ನಿತ್ಯದ ಆದಾಯವೇ ಹೋದಂತೆ. ಆದುದರಿಂದ ಆರಿಸಿ, ಅಳೆದು, ಕಾದು, ಪರೀಕ್ಷಿಸಿ ಹಾಕುವಷ್ಟು ವ್ಯವಧಾನವುಳ್ಳವರು ಮಾತ್ರ ಈ ಕೆಲಸವನ್ನು ಕೈಕೊಳ್ಳಬೇಕೆಂದೂ, ಮೊದಲ ಪೀಪಾಯಿಯನ್ನು ತೆರೆಯುವಾಗ ಹತ್ತಿರದ ಪಶುವೈದ್ಯಶಾಲೆಯವರಿಗೆ ತೋರಿಸಿ ಅವರ ಸಲಹೆಯನ್ನು ಪಡೆಯಬೇಕೆಂದೂ ವಿಜ್ಞಾಪಿಸಿಕೊಳ್ಳುತ್ತೇನೆ.

— ವ್ಯವಸಾಯದ ಇನ್‌ಸ್ಪೆಕ್ಟರ್